ಉಗುಳದ ತುತ್ತು

ಮೋಕ್ಷಾಳಿಗೆ ಏಳು ತಿಂಗಳು ತುಂಬಿದ ವಾರ ಇನ್ನಂಜೆಯ ಆ ಮನೆಯಲ್ಲಿ ಹೊಸದೊಂದು ಕಾನೂನು ಬಂತು. ಮಗುವನ್ನು ಎದುರಿಗೆ ಕೂರಿಸಿಕೊಂಡು ಇನ್ನು ಯಾರೂ ಉಣ್ಣಬಾರದು.

ಕಾನೂನು ಮಾಡಿದ್ದು ಅಜ್ಜ ಕರುಣಾಕರ. ಆ ಭಾನುವಾರ ಮಧ್ಯಾಹ್ನ ಮೊಮ್ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಅವನು ಕುಚ್ಚಲಕ್ಕಿ ಅನ್ನಕ್ಕೆ ಬಂಗುಡೆ ಸಾರು ಕಲಸಿ ಉಣ್ಣುತ್ತಿದ್ದ. ಮಗು ಮೊದಲು ಅಜ್ಜನ ಕೈ ತಟ್ಟೆಯಿಂದ ಬಾಯಿಗೆ ಹೋಗುವುದನ್ನು, ಬಾಯಿಂದ ತಟ್ಟೆಗೆ ಇಳಿಯುವುದನ್ನು ಕಣ್ಣು ಮಿಟುಕಿಸದೆ ನೋಡಿತು. ಆಮೇಲೆ ಅವನು ಜಗಿದಾಗಲೆಲ್ಲ ತಾನೂ ಬರಿಬಾಯಿ ಆಡಿಸಿತು. ಕೊನೆಗೆ ಇದ್ದಕ್ಕಿದ್ದಂತೆ ಬಗ್ಗಿ ತಟ್ಟೆಗೇ ಕೈ ಹಾಕಿತು. ಮುಷ್ಟಿಯೊಳಗೆ ಸಿಕ್ಕಿದ ನಾಲ್ಕು ಅಗುಳು ಬಾಯಿ ಸೇರುವ ಮೊದಲೇ ಕರುಣಾಕರ ಊಟ ಬಿಟ್ಟು ಎದ್ದ. ಪುಟ್ಟ ಬೆರಳುಗಳನ್ನು ಬಿಡಿಸಿ, ನಲ್ಲಿಯ ಕೆಳಗೆ ಹಿಡಿದು, ಒಂದು ಅಗುಳೂ ಉಳಿಯದ ಹಾಗೆ ತೊಳೆದ. ಮಗು ಹೆಂಚು ಹಾರುವ ಹಾಗೆ ಅತ್ತಿತು.

"ಇನ್ನು ಮೇಲೆ ಊಟದ ಹೊತ್ತಿಗೆ ಇವಳು ಒಳಗಿನ ಕೋಣೆಯಲ್ಲಿರಲಿ," ಎಂದು ಅವನು ಘೋಷಿಸಿದ. "ಅನ್ನ ಮುಟ್ಟುವ ಮೊದಲು ಉಚ್ಚಿಲದ ದೇವಸ್ಥಾನದಲ್ಲಿ, ಅಮ್ಮನವರ ಎದುರು, ಅಪ್ಪನ ಕೈಯಿಂದ ಆಗಬೇಕಾದ ಕೆಲಸ ಉಂಟು."

"ಅಪ್ಪ ಮಸ್ಕತ್ತಿನಲ್ಲಿದ್ದಾನೆ," ಎಂದಳು ಅಕ್ಕು. ಅವಳು ಅವನ ಹೆಂಡತಿ, ಮಗುವಿನ ಅಜ್ಜಿ.

"ಮುಂದಿನ ತಿಂಗಳು ಬರ್ತಾನಲ್ಲ."

"ಹೋದ ತಿಂಗಳೂ ಅವ ಮುಂದಿನ ತಿಂಗಳೇ ಬರುವವ ಇದ್ದ."

ಸೊಸೆ ಚೈತಾಲಿ ಅಳುವ ಮಗುವನ್ನು ಎತ್ತಿಕೊಂಡಳು. "ಮಾವ, ಅವಳು ಕೇಳಿದ್ದು ಅನ್ನ. ಚಿನ್ನ ಅಲ್ಲ," ಎಂದಷ್ಟೇ ಹೇಳಿ ಕೋಣೆಗೆ ಹೋದಳು. ಬಾಗಿಲು ಹಾಕಿಕೊಂಡದ್ದು ಸ್ವಲ್ಪ ಜೋರಾಗಿಯೇ ಕೇಳಿಸಿತು.

ಕರುಣಾಕರನಿಗೆ ಊಟದ ವಿಷಯದಲ್ಲಿ ಯಾರೂ ಬುದ್ಧಿ ಹೇಳುವ ಹಾಗಿಲ್ಲ. ಅವನು ಮುಂಬಯಿಯ ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರು ಮಾಡಿ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವರೆಗೆ ಆಯುಷ್ಯ ಕಳೆದವನು. ಸಾಂಬಾರಿನ ಬಣ್ಣ ನೋಡಿ ಉಪ್ಪು ಹೆಚ್ಚೋ ಕಡಿಮೆಯೋ ಹೇಳುತ್ತಿದ್ದ. ಕೆಲಸ ಬಿಟ್ಟು ಊರಿಗೆ ಬಂದವನೇ ಅಡಿಗೆ ಮನೆಯನ್ನು ವಶಪಡಿಸಿಕೊಂಡ. ಅಕ್ಕುವಿಗೆ ಅದರಲ್ಲಿ ತಕರಾರಿರಲಿಲ್ಲ. ಅವಳಿಗೆ ಮನೆ ಹಿಂದಿನ ಮಲ್ಲಿಗೆ ಗಿಡಗಳೇ ಬೇಕಾದಷ್ಟು. ಬೆಳಕು ಹರಿಯುವ ಮುಂಚೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಶಂಕರಪುರದ ಹೂ ಮಾರುವ ಕಟ್ಟೆಗೆ ಕಳಿಸಿಬಿಟ್ಟರೆ ಆ ದಿನದ ಮೀನಿಗೆ, ಹಾಲಿಗೆ ಯಾರನ್ನೂ ಕೇಳಬೇಕಾಗಿರಲಿಲ್ಲ.

ಆದರೆ ನಾಲ್ಕೇ ಜನರ ಈ ಮನೆ ಹೋಟೆಲಿಗಿಂತ ಕಷ್ಟದ್ದು ಎಂದು ಕರುಣಾಕರನಿಗೆ ಬೇಗ ಗೊತ್ತಾಯಿತು. ಅವನಿಗೇ ಸಕ್ಕರೆ ಕಾಯಿಲೆ. ಅನ್ನ ಅರ್ಧಕ್ಕೆ ಇಳಿದು ಬೆಳಿಗ್ಗೆ ರಾಗಿ ದೋಸೆಯಾಗಿತ್ತು. ಅದನ್ನವನು ಶಿಕ್ಷೆ ಅನುಭವಿಸುವವನಂತೆ ತಿನ್ನುತ್ತಿದ್ದ. ಅಕ್ಕುವಿನ ಮೂಳೆ ಸವೆಯುತ್ತಿದೆಯೆಂದು ಅವಳಿಗೆ ಹಾಲು, ಮುಳ್ಳು ಸಮೇತ ಅಗಿಯುವ ಸಣ್ಣ ಮೀನು. ಚೈತಾಲಿ ಎದೆ ಹಾಲು ಕೊಡುವವಳು, ಅದರ ಮೇಲೆ ದಿನವೂ ಬಸ್ಸು ಹತ್ತಿ ಮಣಿಪಾಲದ ಆಫೀಸಿಗೆ ಹೋಗಿ ಬರುವವಳು. ಅವಳ ತಟ್ಟೆಗೆ ಎಲ್ಲರದಕ್ಕಿಂತ ಒಂದು ಸೌಟು ಹೆಚ್ಚು. ಮೂವರಿಗೂ ಬೇರೆ ಬೇರೆ ಮಾಡಿ ಹಾಕುತ್ತಿದ್ದ ಮನುಷ್ಯನಿಗೆ ನಾಲ್ಕನೆಯ ಹೊಟ್ಟೆಯೊಂದು ಮಾತ್ರ ಕಾಣಲಿಲ್ಲ.

ಕಾಣದೇ ಇರುವುದಕ್ಕೆ ಕಾರಣ ಹಾಲ್‌ನ ಗೋಡೆಯ ಮೇಲಿನ ಒಂದು ಫೋಟೊ.

ಉಚ್ಚಿಲದ ದೇವಸ್ಥಾನದ ಅಂಗಳದಲ್ಲಿ ತೆಗೆಸಿದ ಫೋಟೊ ಅದು. ಗರಿಗರಿ ಪಂಚೆ ಉಟ್ಟ ತರುಣ ಕರುಣಾಕರ, ತೊಡೆಯ ಮೇಲೆ ಗುಂಡು ಕೆನ್ನೆಯ ಹತ್ತು ತಿಂಗಳ ಹರ್ಷಿತ್, ಅವನ ಬಾಯಿಯ ಹತ್ತಿರ ಅಪ್ಪನ ಬೆರಳುಗಳಲ್ಲಿ ಮೊದಲ ಅನ್ನ. ಪಕ್ಕದಲ್ಲಿ ಅಕ್ಕು, ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಾಳೆ. ಮನೆಗೆ ಯಾರೇ ಬರಲಿ, ಚಹಾ ಕೊಡುವ ಮೊದಲು ಕರುಣಾಕರ ಆ ಫೋಟೊದ ಕಥೆ ಹೇಳುತ್ತಿದ್ದ.

"ಆಗ ಹೋಟೆಲಿನ ಸೇಟು ರಜೆ ಕೊಡುವುದಿಲ್ಲ ಅಂದ. ಕೊಡದಿದ್ದರೆ ಕೆಲಸ ಬಿಡ್ತೇನೆ ಅಂದೆ. ಮಗುವನ್ನು ನನಗಾಗಿ ಹತ್ತು ತಿಂಗಳು ಕಾಯಿಸಿದ್ದಳು ಇವಳು. ಬೇರೆ ಮಕ್ಕಳೆಲ್ಲ ಮೊದಲ ತುತ್ತು ಉಗುಳ್ತವೆ, ಅಲ್ವಾ? ನನ್ನ ಮಗ ಒಂದು ಅಗುಳು ಉಗುಳಲಿಲ್ಲ ಮಾರಾಯರೇ! ಅಪ್ಪನ ಕೈ ಅಂತ ಅವನಿಗೆ ಗೊತ್ತಾಯಿತು. ಇವಳು ನೋಡಿ, ನಾಚಿಕೆಯಲ್ಲಿ ಬಾಯಿ ಮುಚ್ಚಿಕೊಂಡದ್ದು."

ಮಗನ ಬಾಲ್ಯದಲ್ಲಿ ಕರುಣಾಕರನ ಪಾಲಿಗೆ ಬಂದದ್ದು ಅದೊಂದೇ. ಅವನು ನಡೆದದ್ದು, ಮಾತು ಕಲಿತದ್ದು, ಶಾಲೆಗೆ ಹೋದದ್ದು ಎಲ್ಲ ಅಕ್ಕುವಿನ ಲೆಕ್ಕಕ್ಕೆ ಸಂದಿದ್ದವು. ಹಾಗಾಗಿ ಹರ್ಷಿತನೂ ತನ್ನ ಮಗಳಿಗೆ ಕೈಯಾರೆ ಮೊದಲ ತುತ್ತು ಕೊಡಲೇಬೇಕು ಎಂದು ಅವನು ಹಟ ಹಿಡಿದಿದ್ದ. ಹಟದ ಹಿಂದೆ ಪ್ರೀತಿಯೇ ಇತ್ತು, ಅದೇ ದೊಡ್ಡ ಕಷ್ಟವಾಗಿತ್ತು.

ಕಾನೂನು ಬಂದ ಮಾರನೆಯ ವಾರ ಹರ್ಷಿತ್ ಫೋನ್ ಮಾಡಿದ. ಕಂಪೆನಿಯಲ್ಲಿ ಯಂತ್ರಗಳ ರಿಪೇರಿ ಶುರುವಾಗಿದೆ, ಅದು ಮುಗಿಯುವವರೆಗೆ ಯಾರಿಗೂ ರಜೆಯಿಲ್ಲ, ಇನ್ನೂ ಎರಡು ತಿಂಗಳಾಗಬಹುದು ಎಂದ.

"ಕಾಯುವ, ಅದಕ್ಕೆಂತ," ಎಂದ ಕರುಣಾಕರ ದೊಡ್ಡ ಮನಸ್ಸಿನಿಂದ. "ನೀನು ಹತ್ತು ತಿಂಗಳು ಕಾಯಲಿಲ್ವಾ?"

ಚೈತಾಲಿ ಫೋನನ್ನು ಕೈಗೆ ತೆಗೆದುಕೊಂಡಳು. "ನೀವೇ ಹೇಳಿ ಮಾವನಿಗೆ. ನಾನು ಆಫೀಸಿಗೆ ಹೋದ ಮೇಲೆ ಹಾಲು ಕಡಿಮೆಯಾಗಿದೆ. ಹಿಂಡಿ ಇಟ್ಟು ಹೋದದ್ದು ಅವಳಿಗೆ ಸಾಲುವುದಿಲ್ಲ. ಡಬ್ಬದ ಹಾಲು ಕೊಟ್ಟರೆ ಮುಖ ತಿರುಗಿಸ್ತಾಳೆ."

"ಅಪ್ಪ ನೊಂದುಕೊಳ್ತಾರೆ ಚೈತಾ. ಫೋಟೊ ವಿಷಯ ನಿನಗೆ ಗೊತ್ತುಂಟಲ್ಲ. ಸ್ವಲ್ಪ ಹೊಂದಿಕೊಂಡು ಹೋಗುವ."

"ನಾನು ಹೊಂದಿಕೊಳ್ತೇನೆ. ಅವಳ ಹೊಟ್ಟೆ ಹೊಂದಿಕೊಳ್ತದಾ?"

ಅಕ್ಕು ಎರಡೂ ಕಡೆಯ ಮಾತು ಕೇಳಿಸಿಕೊಂಡು ಹಿತ್ತಿಲಿಗೆ ಹೋದಳು. ಹೂ ಕಟ್ಟುವುದಕ್ಕೆ ಪಕ್ಕದ ಮನೆಯ ಡುಲ್ಸಿನ್ ಬಾಯಿ ದಿನವೂ ತನ್ನ ಬುಟ್ಟಿ ಹಿಡಿದು ಇವಳ ಜಗಲಿಗೇ ಬರುತ್ತಿದ್ದಳು. ಕಾಲು ಚಾಚಿ ಕುಳಿತು ಮಾತಾಡುತ್ತಾ ಕಟ್ಟಿದರೆ ಬೆರಳಿಗೆ ದಣಿವಾಗುವುದಿಲ್ಲ ಎಂಬುದು ಇಬ್ಬರ ಅನುಭವ. ಈಚೆಗೆ ಬುಟ್ಟಿಯ ಜೊತೆ ಮೊಮ್ಮಗ ಡೆನ್ವರನೂ ಬರುತ್ತಿದ್ದ. ಅವನು ಮೋಕ್ಷಾಳಿಗಿಂತ ಎರಡು ವಾರ ಚಿಕ್ಕವನು. ಆದರೆ ಹಿಸುಕಿದ ಅನ್ನ, ಮುಳ್ಳು ತೆಗೆದ ಬೂತಾಯಿ ಮೀನು ಉಂಡು ಬಂದವನು ಚಾಪೆಯ ಮೇಲೆ ಯಜಮಾನನಂತೆ ಕೂರುತ್ತಿದ್ದ. ಮೋಕ್ಷಾ ಕೂರಿಸಿದರೆ ವಾಲುತ್ತಿದ್ದಳು.

ಡುಲ್ಸಿನ್ ಬಾಯಿ ಆ ದಿನ ಮೋಕ್ಷಾಳನ್ನು ಎತ್ತಿ ಸೊಂಟಕ್ಕೆ ಏರಿಸಿದವಳು ತಟಕ್ಕನೆ ಮುಖ ಸಣ್ಣ ಮಾಡಿದಳು.

"ಇದೆಂತ ಅಕ್ಕು, ಹೂವಿನ ಬುಟ್ಟಿ ಎತ್ತಿದ ಹಾಗೆ ಆಗ್ತದಲ್ಲ! ಹೋದ ತಿಂಗಳೂ ಹೀಗೇ ಇದ್ದಳು."

"ಅಪ್ಪ ಬರಬೇಕಂತೆ ಅನ್ನ ಕೊಡಲಿಕ್ಕೆ."

"ನಿನ್ನ ಗಂಡನಿಗೆ ತಲೆ ಸರಿ ಉಂಟಾ? ಹರ್ಷಿತನಿಗೆ ನೀನು ಯಾರನ್ನು ಕೇಳಿ ಕೊಟ್ಟದ್ದು? ಇದೇ ಜಗಲಿಯಲ್ಲಿ, ನಿನ್ನ ಗಂಜಿಯ ಬಟ್ಟಲಿನಿಂದ..."

"ಮೆಲ್ಲ ಮಾತಾಡು ಮಾರಾಯ್ತಿ!" ಅಕ್ಕು ಅಡಿಗೆ ಮನೆಯ ಕಿಟಕಿಯ ಕಡೆ ನೋಡಿದಳು. ಒಳಗೆ ಒಗ್ಗರಣೆ ಸಿಡಿಯುತ್ತಿತ್ತು. ಕರುಣಾಕರನಿಗೆ ಕೇಳಿಸಿರಲಿಲ್ಲ.

ಹೌದು, ಇದ್ದ ವಿಷಯ ಅದೇ. ಹರ್ಷಿತನಿಗೆ ಆರು ತಿಂಗಳಾದಾಗ ಅವನೂ ಹೀಗೇ ಬರಿಬಾಯಿ ಆಡಿಸಲು ತೊಡಗಿದ್ದ. ಮುಂಬಯಿಯಿಂದ ಕಾಗದ ಬಂದಿತ್ತು, ಈಗ ರಜೆ ಸಿಗುವುದಿಲ್ಲ, ನಾನು ಬಂದ ಮೇಲೆಯೇ ಅನ್ನ ಕೊಡೋಣ ಎಂದು. ಅಕ್ಕು ಮೂರು ದಿನ ಕಾದಳು. ನಾಲ್ಕನೆಯ ದಿನ ಮೊಗ್ಗು ಕೊಯ್ದು ಬಂದು ಗಂಜಿಗೆ ಕುಳಿತಾಗ ಮಗು ಬಟ್ಟಲಿನ ಅಂಚು ಹಿಡಿದು ಅಲುಗಾಡಿಸಿತು. ಬಟ್ಟಲಿನ ತಳದ ಮೆತ್ತನೆ ಅನ್ನವನ್ನು ಬೆರಳಲ್ಲಿ ನುರಿದು ಅವಳು ಅದರ ಬಾಯಿಗಿಟ್ಟಳು. ಅದು ಉಗುಳಿತು. ಮತ್ತೆ ಇಟ್ಟಳು. ಅತ್ತೆ ಅದೇ ಹೊತ್ತಿಗೆ ಜಗಲಿಗೆ ಬಂದವರು, ಕಂಡೂ ಕಾಣದ ಹಾಗೆ ಬಚ್ಚಲಿನ ಕಡೆ ತಿರುಗಿದರು. ಮರುದಿನದಿಂದ ಗಂಜಿಯ ಮಡಕೆಯಲ್ಲಿ ಒಂದು ಹಿಡಿ ಅಕ್ಕಿ ಹೆಚ್ಚು ಬೇಯುತ್ತಿತ್ತು. ಅತ್ತೆ ಸೊಸೆ ಇಬ್ಬರೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾಲ್ಕು ತಿಂಗಳ ನಂತರ ಕರುಣಾಕರ ಬಂದು ದೇವರ ಎದುರು ಮೊದಲ ತುತ್ತು ಕೊಟ್ಟಾಗ ಹರ್ಷಿತ್ ಚಪ್ಪರಿಸಿ ತಿಂದು ಇನ್ನೊಂದಕ್ಕೆ ಬಾಯಿ ತೆರೆದ. ಅಕ್ಕುವಿಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಹೋದದ್ದು ಅದಕ್ಕೆ.

"ಹೇಳಿಬಿಡು ಅವರಿಗೆ," ಎಂದಳು ಡುಲ್ಸಿನ್ ಬಾಯಿ.

"ಹೇಗೆ ಹೇಳುವುದು? ಅವರಿಗೆ ಇರುವುದು ಅದೊಂದೇ," ಎಂದಳು ಅಕ್ಕು. ಅವಳಿಗೆ ನಿಜವಾಗಿ ಸಂಕಟವಾಗುತ್ತಿತ್ತು.

ಅದೇ ವಾರ ಮೋಕ್ಷಾಳಿಗೆ ಶೀತವಾಯಿತು. ಉಡುಪಿಯ ಮಕ್ಕಳ ಡಾಕ್ಟರ ಹತ್ತಿರ ಎಲ್ಲರೂ ಹೋದರು. ಡಾಕ್ಟರಮ್ಮ ಶೀತದ ವಿಷಯ ಎರಡು ಮಾತಿನಲ್ಲಿ ಮುಗಿಸಿ ಮಗುವನ್ನು ತಕ್ಕಡಿಯ ಮೇಲೆ ಮಲಗಿಸಿದರು. ಕಣ್ಣಿನ ರೆಪ್ಪೆ ಬಿಡಿಸಿ ನೋಡಿದರು. ರಕ್ತ ಪರೀಕ್ಷೆ ಮಾಡಿಸಿದರು.

"ತೂಕ ನಿಂತಿದೆ. ರಕ್ತವೂ ಕಡಿಮೆ ಉಂಟು. ಊಟ ಎಂತ ಕೊಡ್ತಿದ್ದೀರಿ?"

ಚೈತಾಲಿ ಮಾವನ ಮುಖ ನೋಡಿದಳು.

"ಆರು ತಿಂಗಳವರೆಗೆ ತಾಯಿಯ ಹಾಲೇ ಸಾಕು. ಆಮೇಲೆ ಹಾಲೂ ಬೇಕು, ಊಟವೂ ಬೇಕು. ಹುಟ್ಟುವಾಗ ತಾಯಿಯಿಂದ ತಂದ ಕಬ್ಬಿಣದ ಅಂಶ ಈ ಹೊತ್ತಿಗೆ ಮುಗಿಯುತ್ತ ಬರ್ತದೆ. ಹಾಲಿನಲ್ಲಿ ಅದು ಸಾಕಷ್ಟು ಸಿಗುವುದಿಲ್ಲ. ಅನ್ನ, ಬೇಳೆ, ರಾಗಿ, ಮೊಟ್ಟೆ, ಮುಳ್ಳು ತೆಗೆದ ಮೀನು ಎಲ್ಲ ಶುರು ಮಾಡಬಹುದು."

"ಡಾಕ್ಟರೇ, ನಮ್ಮಲ್ಲಿ ಒಂದು ಕ್ರಮ ಉಂಟು," ಎಂದು ಕರುಣಾಕರ ಗಂಟಲು ಸರಿ ಮಾಡಿಕೊಂಡ. "ಇವಳ ಅಪ್ಪ ಹತ್ತು ತಿಂಗಳು ಹಾಲಿನಲ್ಲೇ ಬೆಳೆದದ್ದು. ಏನೂ ಆಗಲಿಲ್ಲ."

ಡಾಕ್ಟರಮ್ಮ ಅವನನ್ನು ನೋಡಿದರು. "ನಿಮಗೆ ಶುಗರ್ ಉಂಟಾ?"

"ಉಂಟು."

"ಪ್ರಾಯದಲ್ಲಿ ತಿಂದ ಹಾಗೆ ಈಗಲೂ ತಿನ್ತೀರಾ?"

"ಎಲ್ಲಿ ಬಿಡ್ತಾರೆ?"

"ಅಷ್ಟೇ ವಿಷಯ. ನಿಮ್ಮ ಊಟ ಬದಲಾಗಲಿಕ್ಕೆ ಅರ್ಧ ಆಯುಷ್ಯ ಹಿಡಿಯಿತು. ಇವಳದ್ದು ಆರು ತಿಂಗಳಿಗೇ ಬದಲಾಗ್ತದೆ. ಉಪ್ಪು ಬೇಡ, ಸಕ್ಕರೆ ಬೇಡ. ಚಮಚ ಓರೆ ಮಾಡಿದರೆ ಸುರಿದು ಹೋಗಬಾರದು, ಅಷ್ಟು ಗಟ್ಟಿ ಇರಬೇಕು."

ಕರುಣಾಕರ ಬಸ್ಸಿನಲ್ಲಿ ಕಟಪಾಡಿಯವರೆಗೂ ಯೋಚಿಸುತ್ತಾ ಬಂದ. ಮನೆ ಮುಟ್ಟುವಾಗ ಅವನ ಮುಖ ಅರಳಿತ್ತು. ಡಾಕ್ಟರಿಗೂ ದೇವರಿಗೂ ಒಟ್ಟಿಗೆ ಒಪ್ಪುವ ದಾರಿ ಅವನಿಗೆ ಸಿಕ್ಕಿತ್ತು. ಅನ್ನ ಕೊಡಬಾರದು ನಿಜ, ಆದರೆ ಗಂಜಿಯ ತಿಳಿ ಕೊಡಬಹುದಲ್ಲ? ಅದು ಕುಡಿಯುವ ವಸ್ತು. ರಾಗಿಯನ್ನು ನೆನೆಸಿ, ಅರೆದು, ಸೋಸಿ, ನೀರಾಗಿ ಕಾಯಿಸಿದರೆ ಅದೂ ಕುಡಿಯುವ ವಸ್ತುವೇ.

ಮಾರನೆಯ ಬೆಳಿಗ್ಗೆಯೇ ಶುರು ಮಾಡಿದ. ಹೋಟೆಲಿನವನ ಕೈ, ಅವನ ಕೆಲಸದಲ್ಲಿ ಗಂಟು, ಗಸಿ, ನಾರು ಯಾವುದೂ ಇರಬಾರದು. ರಾಗಿ ಹಾಲನ್ನು ಬಿಳಿ ಬಟ್ಟೆಯಲ್ಲಿ ಒಮ್ಮೆ ಸೋಸಿದ, ಮತ್ತೊಮ್ಮೆ ಸೋಸಿದ, ಸಮಾಧಾನವಾಗದೆ ಇನ್ನೊಮ್ಮೆ ಸೋಸಿದ. ಬಟ್ಟೆಯಲ್ಲಿ ಉಳಿದ ಕಂದು ಮುದ್ದೆಯನ್ನು ಮಲ್ಲಿಗೆ ಬುಡಕ್ಕೆ ಹಾಕಿದ. ಲೋಟದಲ್ಲಿ ಉಳಿದ ತೆಳು ನೀರು ಕನ್ನಡಿಯಂತೆ ಹೊಳೆಯುತ್ತಿತ್ತು.

"ನೋಡು, ಎಷ್ಟು ನುಣುಪು," ಎಂದು ಅಕ್ಕುವಿಗೆ ತೋರಿಸಿದ.

"ನುಣುಪು ಉಂಟು. ರಾಗಿ ಎಲ್ಲಿ ಉಂಟು?"

"ನಿನಗೆ ಎಂತ ಗೊತ್ತು ಅಡಿಗೆ?"

ಅಕ್ಕು ಹೂವಿನ ಬುಟ್ಟಿ ಎತ್ತಿಕೊಂಡು ಜಗಲಿಗೆ ಹೋದಳು. ಮೋಕ್ಷಾ ಮಾತ್ರ ಆ ನೀರನ್ನು ಗಟಗಟ ಕುಡಿದಳು. ಬೆಳಿಗ್ಗೆ ರಾಗಿ ನೀರು, ಮಧ್ಯಾಹ್ನ ಗಂಜಿ ತಿಳಿ, ಸಂಜೆ ಮತ್ತೆ ರಾಗಿ ನೀರು. ಹೊಟ್ಟೆ ಡೋಲಿನಂತೆ ಉಬ್ಬಿ, ಬಟ್ಟೆ ಮೇಲೆ ಬಟ್ಟೆ ಒದ್ದೆಯಾಯಿತು. ಚೈತಾಲಿ ಆಫೀಸಿನಿಂದ ಓಡಿ ಬಂದು ಮೊಲೆ ಕೊಟ್ಟರೆ ಮಗು ಎರಡು ಗುಟುಕು ಎಳೆದು ನಿದ್ದೆ ಹೋಗುತ್ತಿತ್ತು. ಕರುಣಾಕರ ಅದನ್ನು ನೋಡಿ, "ಈಗ ಹೊಟ್ಟೆ ತುಂಬಿದೆ ನೋಡಿ. ಹಟವೇ ಇಲ್ಲ," ಎಂದು ಬೀಗಿದ. ಹಟವಿಲ್ಲದ ಮಗುವನ್ನು ಕಂಡರೆ ಅಕ್ಕುವಿಗೆ ಭಯವಾಗುತ್ತಿತ್ತು. ಹಸಿದ ಮಗು ಅಳಬೇಕು. ಇದು ಅಳುವುದನ್ನೂ ಬಿಟ್ಟಿತ್ತು.

ಮೂರನೆಯ ವಾರ ಡಾಕ್ಟರಲ್ಲಿಗೆ ಮತ್ತೆ ಹೋದದ್ದು ಅತ್ತೆ ಸೊಸೆ ಇಬ್ಬರೇ. ತಕ್ಕಡಿಯ ಮುಳ್ಳು ಹೋದ ಸಲ ನಿಂತಲ್ಲಿಗೂ ಬರಲಿಲ್ಲ. ತೆಳು ನೀರಿನ ವಿಷಯ ಕೇಳಿ ಡಾಕ್ಟರಮ್ಮ ಹಣೆ ಒತ್ತಿಕೊಂಡರು. ಹೊಟ್ಟೆಯಲ್ಲಿ ನೀರು ತುಂಬಿಸಿ ಹಾಲಿನ ಜಾಗವನ್ನೂ ತೆಗೆದಿದ್ದೀರಿ ಎಂದರು. ಕಬ್ಬಿಣದ ಹನಿ ಬರೆದುಕೊಟ್ಟು, "ಇದು ಔಷಧಿ. ಊಟಕ್ಕೆ ಬದಲು ಅಲ್ಲ. ಊಟ ನಾಳೆಯಿಂದಲೇ," ಎಂದು ಎಚ್ಚರಿಸಿ ಕಳಿಸಿದರು.

ಬಸ್ಸಿಳಿದು ಗದ್ದೆಯ ಅಂಚಿನಲ್ಲಿ ನಡೆಯುವಾಗ ಅಕ್ಕು ಸೊಸೆಯ ತೋಳು ಹಿಡಿದು ನಿಲ್ಲಿಸಿದಳು.

"ಒಂದು ಮಾತು ಹೇಳ್ತೇನೆ. ನೀನು ಆಫೀಸಿಗೆ ಹೋಗು. ಬೆಳಿಗ್ಗೆ ಹೂ ಕಟ್ಟುವ ಹೊತ್ತಿಗೆ ನಾನು ಇವಳನ್ನು ಡುಲ್ಸಿನ್ ಬಾಯಿಯ ಮನೆಗೆ ಕರ್ಕೊಂಡು ಹೋಗ್ತೇನೆ. ಅಲ್ಲಿ ಗಟ್ಟಿ ಅನ್ನ ಕೊಟ್ಟು ಬರ್ತೇನೆ. ನಿನ್ನ ಮಾವನಿಗೆ ಗೊತ್ತಾಗುವುದಿಲ್ಲ. ನಿನ್ನ ಗಂಡನೂ ಹಾಗೇ ಬೆಳೆದದ್ದು."

ನಡೆದದ್ದನ್ನೆಲ್ಲ ಹೇಳಿದಳು. ಚೈತಾಲಿ ಮೊದಲು ನಕ್ಕಳು. ಆಮೇಲೆ ಅವಳ ಕಣ್ಣು ತುಂಬಿತು.

"ಬೇಡ ಅತ್ತೆ. ನನ್ನ ಮಗಳು ಕದ್ದು ಉಣ್ಣುವುದು ಬೇಡ. ಅವಳ ಮನೆಯಲ್ಲಿ, ಎಲ್ಲರ ಎದುರು ಕೂತು ಉಣ್ಣಲಿ. ನಿಮ್ಮ ಕಾಲದಲ್ಲಿ ನಿಮಗೆ ಬೇರೆ ದಾರಿ ಇರಲಿಲ್ಲ. ನನಗೆ ಉಂಟು. ಶನಿವಾರ ನಾನು ಇವಳನ್ನು ಕರ್ಕೊಂಡು ಕಾರ್ಕಳಕ್ಕೆ ಹೋಗ್ತೇನೆ. ಅಮ್ಮನ ಮನೆಯಿಂದಲೇ ಮಣಿಪಾಲಕ್ಕೆ ಹೋಗಿ ಬರ್ತೇನೆ."

"ಎಷ್ಟು ದಿನ?"

"ಇಲ್ಲಿ ಊಟ ಸಿಗುವವರೆಗೆ."

ಅಕ್ಕುವಿಗೆ ಸೊಸೆಯ ಮೇಲೆ ಸಿಟ್ಟು ಬರಲಿಲ್ಲ. ತನಗೆ ಇಪ್ಪತ್ತೈದು ವರ್ಷದ ಪ್ರಾಯದಲ್ಲಿ ಈ ಮಾತು ಆಡುವ ಧೈರ್ಯ ಇರಲಿಲ್ಲ ಎಂದು ಅನಿಸಿತು. ಜೊತೆಗೇ ಮಗುವಿಲ್ಲದ ಜಗಲಿ ಕಣ್ಣಿಗೆ ಕಟ್ಟಿತು.

ಶನಿವಾರ ಬೆಳಿಗ್ಗೆ ಹಾಲ್‌ನ ಬಾಗಿಲಲ್ಲಿ ಬ್ಯಾಗು ಸಿದ್ಧವಾಗಿತ್ತು. ಕರುಣಾಕರ ರಾಗಿ ದೋಸೆಯ ಎದುರು ಕುಳಿತಿದ್ದವನು ಅದನ್ನು ಕಂಡು ತಟ್ಟೆ ಸರಿಸಿದ.

"ಇದೆಂತ ಬ್ಯಾಗು?"

"ಕಾರ್ಕಳಕ್ಕೆ ಹೋಗ್ತಿದ್ದೇನೆ ಮಾವ. ಮೋಕ್ಷಾಳಿಗೆ ಅಲ್ಲಿ ಅನ್ನ ಕೊಡ್ತೇವೆ."

"ಅಪ್ಪ ಇಲ್ಲದೆ? ದೇವರ ಎದುರು ಇಲ್ಲದೆ?" ಕರುಣಾಕರನ ಧ್ವನಿ ಏರಿತು. "ನಾನು ಸೇಟಿನ ಹತ್ತಿರ ಜಗಳ ಮಾಡಿ ಬಂದು ಕೊಟ್ಟವನು. ಇವಳು ನನಗಾಗಿ ಹತ್ತು ತಿಂಗಳು ಕಾದವಳು. ಕೇಳು ಬೇಕಾದರೆ ನಿನ್ನ ಅತ್ತೆಯನ್ನು! ಅಕ್ಕೂ, ಹೇಳು ಇವಳಿಗೆ!"

ಅಕ್ಕು ಹೂವಿನ ಬುಟ್ಟಿ ಕೆಳಗಿಟ್ಟಳು. ಸೆರಗಿನಲ್ಲಿ ಕೈ ಒರೆಸಿಕೊಂಡು ಗೋಡೆಯ ಫೋಟೊದ ಕೆಳಗೆ ಹೋಗಿ ನಿಂತಳು.

"ನಾನು ಕಾಯಲಿಲ್ಲ," ಎಂದಳು.

"ಎಂತ?"

"ನಿಮ್ಮ ಮಗನಿಗೆ ಆರು ತಿಂಗಳಿಗೇ ಕೊಟ್ಟೆ. ಆ ಜಗಲಿಯಲ್ಲಿ, ನನ್ನ ಗಂಜಿಯ ಬಟ್ಟಲಿನಿಂದ. ನಿಮ್ಮ ಅಮ್ಮ ನೋಡಿದ್ದಾರೆ. ಡುಲ್ಸಿನ್ ಬಾಯಿ ನೋಡಿದ್ದಾಳೆ. ನೀವು ಬರುವ ಹೊತ್ತಿಗೆ ಅವನು ದಿನಕ್ಕೆ ಮೂರು ಸಲ ಉಣ್ಣುತ್ತಿದ್ದ. ಮೀನೂ ತಿನ್ನುತ್ತಿದ್ದ."

ಕರುಣಾಕರ ಹೆಂಡತಿಯನ್ನು ನೋಡಿದ, ಫೋಟೊವನ್ನು ನೋಡಿದ. "ಸುಳ್ಳು. ಇವಳಿಗಾಗಿ ಕಥೆ ಕಟ್ತೀಯಾ?"

"ಕೆನ್ನೆ ನೋಡಿ ಅವನದ್ದು! ಬರೀ ಹಾಲು ಕುಡಿದ ಹತ್ತು ತಿಂಗಳ ಮಗುವಿನ ಕೆನ್ನೆಯಾ ಅದು? ಮೊದಲ ತುತ್ತು ಯಾವ ಮಗು ಉಗುಳದೆ ನುಂಗ್ತದೆ? ನನ್ನ ಕೈಯಿಂದ ಕೊಟ್ಟ ದಿನ ಅವನೂ ಉಗುಳಿದ್ದ. ನಿಮ್ಮ ಕೈಗೆ ಬರುವಾಗ ಅವನಿಗೆ ಅಭ್ಯಾಸ ಆಗಿತ್ತು."

"ಮತ್ತೆ ನೀನು... ಈ ಸೆರಗು..."

"ನಾಚಿಕೆ ಅಲ್ಲ. ನಗು ಬಂತು."

ಅಕ್ಕು ಧ್ವನಿ ಇಳಿಸಿದಳು.

"ಅಷ್ಟು ದೂರದಿಂದ ಓಡಿ ಬಂದವರಿಗೆ ಅದನ್ನು ಹೇಳಲಿಕ್ಕೆ ಮನಸ್ಸು ಬರಲಿಲ್ಲ. ಇನ್ನೂ ಹೇಳುತ್ತಿರಲಿಲ್ಲ, ನಾನು ಸಾಯುವವರೆಗೆ ಬಾಯಿ ಬಿಡುತ್ತಿರಲಿಲ್ಲ. ಆದರೆ ನಿಮ್ಮ ಆ ಫೋಟೊಕ್ಕಾಗಿ ಈ ಮಗು ಉಪವಾಸ ಇರುವುದನ್ನು ನನ್ನಿಂದ ನೋಡಲಿಕ್ಕೆ ಆಗುವುದಿಲ್ಲ. ನಿಮ್ಮ ಮಗ ಬದುಕಿ ಬೆಳೆದದ್ದು ನಾನು ಕಾದದ್ದರಿಂದ ಅಲ್ಲ. ಕಾಯದೆ ಇದ್ದದ್ದರಿಂದ."

ಕರುಣಾಕರ ಎದ್ದು ಹಿತ್ತಿಲಿಗೆ ಹೋದ. ದೋಸೆ ಅರ್ಧ ಹಾಗೇ ಇತ್ತು. ಚೈತಾಲಿ ಬ್ಯಾಗಿನ ಹತ್ತಿರ ನಿಂತು ಅತ್ತೆಯ ಮುಖ ನೋಡಿದಳು.

"ತುಂಬ ಹೇಳಿಬಿಟ್ಟಿರಾ ಅತ್ತೆ?"

"ಹೇಳಬೇಕಾದಷ್ಟು ಹೇಳಿದೆ," ಎಂದಳು ಅಕ್ಕು. ಗಂಡನ ಬಗ್ಗೆ ಅವಳಿಗೆ ಮರುಕವಿತ್ತು. ಆದರೆ ಹೇಳಿದ್ದಕ್ಕೆ ಪಶ್ಚಾತ್ತಾಪ ಮಾತ್ರ ಹುಡುಕಿದರೂ ಸಿಗಲಿಲ್ಲ. "ಮುಂದಿನ ಬಸ್ಸಿಗೆ ಹೋದರಾಯಿತು. ಸ್ವಲ್ಪ ನಿಲ್ಲು."

ಹಿತ್ತಿಲಲ್ಲಿ ಕರುಣಾಕರ ಮಲ್ಲಿಗೆ ಗಿಡಗಳ ನಡುವೆ ತುಂಬ ಹೊತ್ತು ನಿಂತಿದ್ದ. ಅವನು ದಿನವೂ ತಂದು ಸುರಿದ ರಾಗಿಯ ಕಂದು ಮುದ್ದೆ ಒಂದು ಗಿಡದ ಬುಡದಲ್ಲಿ ಒಣಗಿ ಬಿದ್ದಿತ್ತು. ಅದನ್ನು ಕಾಲಿನಿಂದ ಸರಿಸಿದ. ಬಗ್ಗಿ ಕೈಗೆ ತೆಗೆದುಕೊಂಡು, ಬೆರಳಲ್ಲಿ ಪುಡಿ ಮಾಡಿ ನೋಡಿದ. ಒಳಗೆ ಬಂದು ಕೈ ತೊಳೆದು ನೇರ ಅಡಿಗೆ ಮನೆಗೆ ನುಗ್ಗಿದ. ಪಾತ್ರೆಗಳು ಸದ್ದು ಮಾಡಿದವು. ಸ್ವಲ್ಪ ಹೊತ್ತಿನ ನಂತರ ಒಳಗಿನಿಂದಲೇ ಕೂಗಿದ.

"ಅಕ್ಕೂ!"

"ಎಂತ?"

"ಆವತ್ತು ಹೇಗೆ ನುರಿದದ್ದು ನೀನು? ಚಮಚದಲ್ಲಾ, ಕೈಯಲ್ಲಾ?"

ಅಕ್ಕು ಸೊಸೆಯ ಕಡೆ ನೋಡಿ ಹುಬ್ಬು ಹಾರಿಸಿದಳು. ಚೈತಾಲಿ ಬ್ಯಾಗನ್ನು ಕಾಲಿನಿಂದ ಬಾಗಿಲ ಹಿಂದಕ್ಕೆ ತಳ್ಳಿದಳು.

"ಕೈಯಲ್ಲಿ. ಹೆಬ್ಬೆರಳಿನಲ್ಲಿ ಒತ್ತಬೇಕು. ಸೋಸಲಿಕ್ಕೆ ಹೋಗಬೇಡಿ!"

ಕುಚ್ಚಲಕ್ಕಿ ಮೆತ್ತಗೆ ಬೆಂದಿತು. ಜೊತೆಗೆ ಹೆಸರು ಬೇಳೆ. ಅಕ್ಕು ಪಕ್ಕದಲ್ಲಿ ನಿಂತು ಕಾವಲು ಕಾದಳು. ಕರುಣಾಕರನ ಕೈ ಅದರ ಪಾಡಿಗೆ ಅದು ಉಪ್ಪಿನ ಡಬ್ಬಿಗೆ ಹೋದಾಗ ಅದರ ಮೇಲೆ ಒಂದು ಪೆಟ್ಟು ಕೊಟ್ಟಳು.

"ಉಪ್ಪಿಲ್ಲದ ಅನ್ನ ಯಾರು ತಿಂತಾರೆ?"

"ಉಪ್ಪಿನ ರುಚಿ ಗೊತ್ತಿಲ್ಲದವರು ತಿಂತಾರೆ. ಒಂದು ಚಮಚ ತುಪ್ಪ ಹಾಕಿ, ಸಾಕು."

ಅವನು ನುರಿದ. ಒಂದೊಂದು ಅಗುಳನ್ನೂ ಹೆಬ್ಬೆರಳಿನಲ್ಲಿ ಒತ್ತಿ, ಬೇಳೆಯೊಂದಿಗೆ ಕಲಸಿ, ಚಮಚದಲ್ಲಿ ತೆಗೆದು ಓರೆ ಮಾಡಿ ನೋಡಿದ. ಬೀಳಲಿಲ್ಲ. ಚೈತಾಲಿ ಮಸ್ಕತ್ತಿಗೆ ವಿಡಿಯೊ ಕರೆ ಮಾಡಿದಳು. ಹರ್ಷಿತ್ ಹೆಲ್ಮೆಟ್ಟಿನಲ್ಲೇ ಕಾಣಿಸಿಕೊಂಡ. ವಿಷಯ ಕೇಳಿ, "ಅಪ್ಪಾ, ನೀವೇ ಕೊಡಿ," ಎಂದ. "ನಾನು ಬಂದ ಮೇಲೆ ಎಲ್ಲರೂ ಉಚ್ಚಿಲಕ್ಕೆ ಹೋಗುವ. ಅಮ್ಮನವರು ಮಗುವಿನ ಊಟಕ್ಕೆ ಸಿಟ್ಟು ಮಾಡ್ತಾರಾ?"

ಕರುಣಾಕರ ಸೊಸೆಯ ಕಡೆ ನೋಡಿದ. ಇಷ್ಟು ದಿನ ಹುಕುಮು ಕೊಡುತ್ತಿದ್ದವನ ಕಣ್ಣಿನಲ್ಲಿ ಈಗ ಕೋರಿಕೆ ಇತ್ತು.

"ಕೊಡಿ ಮಾವ," ಎಂದಳು ಚೈತಾಲಿ. "ಮೊದಲನೆಯದು ನಿಮ್ಮದು. ಉಳಿದದ್ದು ನಾನು ಕೊಡ್ತೇನೆ."

ಹಾಲ್‌ನ ನಡುವೆ, ಫೋಟೊದ ಕೆಳಗೆ ಮಣೆ ಹಾಕಿ ಕುಳಿತ. ಮೋಕ್ಷಾ ಅವನ ತೊಡೆ ಏರಿದಳು. ಬಟ್ಟಲು ಕಂಡದ್ದೇ ಕತ್ತು ಚಾಚಿದಳು. ಕರುಣಾಕರ ಬಟ್ಟಲಿಗೆ ಕೈ ಹಾಕಿದ. ಸಾವಿರಾರು ಜನರಿಗೆ ಬಡಿಸಿದ ಕೈ ಅದು. ಒಂದು ಸಣ್ಣ ತುತ್ತು ತೆಗೆದು ಮೊಮ್ಮಗಳ ಬಾಯಿಗಿಟ್ಟ.

ಮೋಕ್ಷಾ ಬಾಯಿ ಮುಚ್ಚಿದಳು. ಕಣ್ಣು ದೊಡ್ಡದಾಯಿತು. ಹುಬ್ಬು ಗಂಟಿಕ್ಕಿತು. ನಾಲಗೆ ಒಂದು ಸಲ ಒಳಗೆ ಹೋಗಿ ಬಂತು. ಆಮೇಲೆ ಇಡೀ ತುತ್ತನ್ನು ಅಜ್ಜನ ಬಿಳಿ ಅಂಗಿಯ ಮೇಲೆ ಉಗುಳಿದಳು.

"ಉಪ್ಪಿಲ್ಲದೆ ಹೇಗೆ..." ಎಂದು ಶುರು ಮಾಡಿದ ಕರುಣಾಕರ ಅಲ್ಲೇ ನಿಂತ. ಅಂಗಿಯ ಮೇಲಿನ ಅನ್ನವನ್ನು ನೋಡಿದ. ತಲೆ ಎತ್ತಿ ಗೋಡೆಯ ಫೋಟೊದಲ್ಲಿ ತುತ್ತಿಗೆ ಕಾದಿರುವ ಗುಂಡು ಕೆನ್ನೆಯ ಮಗನನ್ನು ನೋಡಿದ. ಅವನ ಮುಖ ಮೆಲ್ಲಗೆ ಬಿರಿಯಿತು. ಎಷ್ಟೋ ವರ್ಷದಿಂದ ಆ ಮನೆಯಲ್ಲಿ ಅವನು ಅಷ್ಟು ಜೋರಾಗಿ ನಕ್ಕಿರಲಿಲ್ಲ.

"ಉಗುಳಿದಳು!" ಎಂದು ಕೂಗಿದ. "ಅಕ್ಕೂ, ನೋಡಿದೆಯಾ? ನನ್ನ ಕೈಯಿಂದ ಕೊಟ್ಟದ್ದನ್ನು ಉಗುಳಿದಳು ಮಾರಾಯ್ತಿ! ಇದು ಮೊದಲನೆಯದೇ. ಇದರಲ್ಲಿ ಮೋಸ ಇಲ್ಲ!"

ನಗುತ್ತ ನಗುತ್ತ ಅವನ ಕಣ್ಣಲ್ಲಿ ನೀರು ಬಂತು. ಅಂಗಿ ಒರೆಸಿಕೊಳ್ಳಲಿಕ್ಕೂ ಮನಸ್ಸಿಲ್ಲದೆ ಅದನ್ನೇ ಫೋನಿನ ಎದುರು ಹಿ‌ಡಿದು ಮಗನಿಗೆ ತೋರಿಸಿದ. ಅಕ್ಕುವಿನ ಸೆರಗು ತಾನಾಗಿ ಬಾಯಿಯ ಹತ್ತಿರ ಹೋಯಿತು. ಅರ್ಧ ದಾರಿಯಲ್ಲಿ ಅವಳು ಅದನ್ನು ಕೆಳಗೆ ಬಿಟ್ಟು ಎಲ್ಲರ ಎದುರೇ ನಕ್ಕಳು. ಮೋಕ್ಷಾ ಮಾತ್ರ ಯಾರ ನಗುವಿಗೂ ಗಮನ ಕೊಡದೆ, ಬಟ್ಟಲಿನ ಅಂಚು ಹಿಡಿದು ಅಲುಗಾಡಿಸುತ್ತಿದ್ದಳು.

"ಸಾಕು ನಿಮ್ಮ ಸಂಭ್ರಮ," ಎಂದಳು ಅಕ್ಕು. "ಮಗುವಿಗೆ ಹಸಿವುಂಟು. ಎರಡನೆಯದು ಕೊಡಿ."